ಮನೇಲಿ ಜೇಡ ಇದೆ ಡಾಕ್ಟ್ರೇ, ನಾಯಿಗೆ ಏನಾದ್ರೂ ಆಗತ್ತಾ?

ಹೋದ ಸಲ ಮಳೆಗಾಲದಲ್ಲಿ ಸಾಕುಪ್ರಾಣಿಗಳನ್ನ ನೋಡ್ಕೊಳ್ಳೋದರ ಬಗ್ಗೆ ಬರೆದಾಗ ಕೊನೇಲಿ ಜೇಡದ ಬಗ್ಗೆ ಒಂದೇ ಒಂದು ಸಾಲು ಹಾಕಿದ್ದೆ, ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿದೆ. ಅರ್ಧಕ್ಕರ್ಧ ಹೊರದೇಶದಲ್ಲಿರೋ ನಮ್ಮವರದ್ದು, ಅವರಿರೋ ಜಾಗದಲ್ಲಿ ಹೆದರೋಕೆ ಕಾರಣಾನೂ ಇದೆ. ಎಲ್ಲರ ಪ್ರಶ್ನೆಯೂ ಹೆಚ್ಚುಕಮ್ಮಿ ಒಂದೇ, "ಈ ಜೇಡ ವಿಷದ್ದಾ?" ಅಂತ. ಅದಕ್ಕೆ ಉತ್ತರ ಹೇಳೋಕೆ ಮುಂಚೆ ನಾನು ವಾಪಸ್ ಕೇಳೋದು, "ಯಾರಿಗೆ ವಿಷ?" ಅಂತ. ಮನುಷ್ಯನಿಗೆ ಜೀವ ತೆಗೆಯೋ ಜೇಡ ನಾಯಿಗೆ ಅಷ್ಟೇನೂ ಮಾಡದೆ ಇರಬಹುದು, ನಮಗೆ ಬರೀ ಉರಿ ಕೊಡೋದು ನಾಯೀನ ಕೊಂದೇ ಬಿಡಬಹುದು, ಬೆಕ್ಕಿನ ಕತೆ ಇನ್ನೊಂದೇ. ಇದೊಂದು ಗೊತ್ತಿಲ್ಲದೆ ಎಷ್ಟೋ ಮನೇಲಿ ಬೇಡದಕ್ಕೆ ಹೆದರಿ ಹೆದರಬೇಕಾದ್ದನ್ನ ಬಿಟ್ಟುಬಿಡ್ತಾರೆ.

ಸಿಡ್ನಿಯಿಂದ ಒಬ್ಬರು ಓದುಗರು: ಡಾಕ್ಟ್ರಿಗೆ ನಮಸ್ಕಾರ. ಇಲ್ಲಿ ಕ್ಯಾಸಲ್ ಹಿಲ್ ಕಡೆ ಹೊಸ ಮನೆಗೆ ಬಂದಿದ್ದೀವಿ, ಹಿಂದುಗಡೆ ಸ್ವಿಮ್ಮಿಂಗ್ ಪೂಲ್ ಇದೆ, ಅದರಾಚೆ ಪೂರ್ತಿ ಮರಗಿಡ. ಮೊನ್ನೆ ಪೂಲ್ ತಳದಲ್ಲಿ ಕಪ್ಪಗೆ ಹೊಳೆಯೋ ಜೇಡ ಒಂದು ಸತ್ತು ಬಿದ್ದಿತ್ತು, ಜಾಲರಿಯಲ್ಲಿ ಎತ್ತಿ ಹುಲ್ಲಿನ ಮೇಲೆ ಹಾಕಿದ್ರೆ ಸ್ವಲ್ಪ ಹೊತ್ತಿಗೆ ಕಾಲು ಆಡಿಸ್ತು! ಪಕ್ಕದ ಮನೆಯವರು ನೋಡಿ ಫನಲ್ ವೆಬ್ ಅಂದ್ರು. ನಮ್ಮ ಗುಂಡ, 3 ವರ್ಷದ ಲ್ಯಾಬ್ರಡಾರ್, ದಿನಕ್ಕೆ ಹತ್ತು ಸಲ ಆ ಕಡೆ ಓಡ್ತಾನೆ. ನಂಗೆ ರಾತ್ರಿ ನಿದ್ದೆ ಬರ್ತಿಲ್ಲ. ಅವನನ್ನ ಹೊರಗೆ ಬಿಡೋದೇ ನಿಲ್ಲಿಸ್ಬೇಕಾ?

ಗುಂಡನನ್ನ ಕಟ್ಟಿಹಾಕ್ಬೇಡಿ. ಸಿಡ್ನಿ ಫನಲ್ ವೆಬ್ ಜೇಡದ ವಿಷ, ಅದರಲ್ಲೂ ಗಂಡಿನ ವಿಷ, ಮನುಷ್ಯರಿಗೆ ಮತ್ತೆ ಕೋತಿಗಳಿಗೆ ಬಹಳ ಕೆಟ್ಟದ್ದು. ನಾಯಿ ಬೆಕ್ಕುಗಳು ಅದನ್ನ ಸಾಕಷ್ಟು ತಡ್ಕೊಳ್ತವೆ, ಕಚ್ಚಿಸ್ಕೊಂಡ್ರೂ ಸ್ವಲ್ಪ ಹೊತ್ತು ನೋವು, ಸುಸ್ತು ಆಗಿ ಚೇತರಿಸ್ಕೊಳ್ಳೋದೇ ಜಾಸ್ತಿ. ಹಾಗಂತ ಕಚ್ಚಿದ್ದು ಗೊತ್ತಾದ್ರೂ ಸುಮ್ನೆ ಕೂರಿ ಅಂತಲ್ಲ, ವೆಟ್ ಹತ್ರ, ಅಂದ್ರೆ ಪ್ರಾಣಿ ಡಾಕ್ಟ್ರ ಹತ್ರ, ಹೋಗಿ ತೋರಿಸಿ. ಆದ್ರೆ ನಿಮ್ಮ ಮನೇಲಿ ಆ ಜೇಡದಿಂದ ಕಾಪಾಡ್ಬೇಕಾಗಿರೋದು ಮೊದಲು ನಿಮ್ಮನ್ನ, ಮಕ್ಕಳನ್ನ, ಊರಿಂದ ಬಂದು ಬೆಳಗ್ಗೆ ಬರಿಗಾಲಲ್ಲಿ ಹೂ ಕೀಳೋಕೆ ತೋಟಕ್ಕೆ ಇಳಿಯೋ ಅಮ್ಮನ್ನ. 1981ರಲ್ಲಿ ಇದಕ್ಕೆ ಆಂಟಿವೆನಮ್, ಅಂದ್ರೆ ವಿಷ ಇಳಿಸೋ ಔಷಧಿ, ಬರೋಕೆ ಮುಂಚೆ 13 ಸಾವು ದಾಖಲಾಗಿವೆ, ಬಂದ್ಮೇಲೆ ಒಂದೂ ಇಲ್ಲ. ಆ ಔಷಧಿ ತಯಾರಾಗೋದು ಮೊಲಗಳ ರಕ್ತದಿಂದ, ಪ್ರಾಣಿ ಸಾಕೋ ನಮಗೆ ಇದೊಂದು ನೆನಪಿರ್ಲಿ ಅಂತ ಹೇಳ್ತಿದ್ದೀನಿ.

ನೀವು ಪೂಲಿಂದ ಎತ್ತಿದ್ದು ಸತ್ತಿರ್ಲಿಲ್ಲ. ಈ ಜೇಡ ಮೈಮೇಲಿನ ಕೂದಲಿನ ಮಧ್ಯೆ ಗಾಳಿಗುಳ್ಳೆ ಹಿಡ್ಕೊಂಡು ನೀರೊಳಗೆ ಎಷ್ಟೋ ಗಂಟೆ ಬದುಕತ್ತೆ. ಹಾಗಾಗಿ ಪೂಲಲ್ಲಿ ಬಿದ್ದಿರೋ ಯಾವ ಜೇಡಾನೂ ಕೈಯಲ್ಲಿ ಎತ್ಬೇಡಿ, ಗುಂಡ ಈಜೋಕೆ ಇಳಿಯೋ ಮುಂಚೆ ಒಂದು ಸಲ ತಳ ನೋಡಿ, ನೀರಿನ ಕಸ ಹಿಡಿಯೋ ಸ್ಕಿಮ್ಮರ್ ಬುಟ್ಟೀನೂ ನೋಡಿ. ಬೇಸಿಗೆ ಕಳೆಯೋ ಹೊತ್ತಲ್ಲಿ, ಅಲ್ಲಿಯ ಲೆಕ್ಕದಲ್ಲಿ ಜನವರಿಯಿಂದ ಮಾರ್ಚ್‌ವರೆಗೆ, ಮಳೆ ಬಿದ್ದ ರಾತ್ರಿ ಗಂಡು ಜೇಡಗಳು ಹೆಣ್ಣು ಹುಡುಕ್ಕೊಂಡು ಹೊರಗೆ ಓಡಾಡ್ತವೆ, ಆಗ್ಲೇ ಮನೆ ಒಳಗೂ ಬರೋದು. ಹೊರಗೆ ಬಿಟ್ಟ ಶೂ, ನೆಲದ ಮೇಲೆ ಬಿದ್ದ ಟವೆಲ್, ನಾಯಿ ಹಾಸಿಗೆ ಇವನ್ನ ಕೊಡವಿ ಉಪಯೋಗಿಸಿ. ಬಾಗಿಲ ಕೆಳಗಿನ ಸಂದಿಗೆ ಬ್ರಷ್ ಪಟ್ಟಿ ಹಾಕ್ಸಿ. ಮನುಷ್ಯರಿಗೆ ಕಚ್ಚಿದ್ರೆ ಕಚ್ಚಿದ ಕೈ ಅಥವಾ ಕಾಲಿಗೆ ಪೂರ್ತಿ ಒತ್ತಿ ಬ್ಯಾಂಡೇಜ್ ಸುತ್ತಿ, ಅಲ್ಲಾಡಿಸದ ಹಾಗೆ ಕಟ್ಟಿ, ಅಲ್ಲಿಯ ತುರ್ತು ನಂಬರ್ 000ಗೆ ಫೋನ್ ಮಾಡಿ. ಅಲ್ಲಿನ ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕ್‌ನವರು ಜನ ಹಿಡಿದು ತಂದುಕೊಟ್ಟ ಫನಲ್ ವೆಬ್‌ಗಳಿಂದ ವಿಷ ತೆಗೆದು ಆಂಟಿವೆನಮ್‌ಗೆ ಕೊಡ್ತಾರೆ, ಅದಕ್ಕೆ ಅಂತಾನೇ ಒಪ್ಪಿಸೋ ಜಾಗಗಳಿವೆ, ಸುರಕ್ಷಿತವಾಗಿ ಹಿಡಿಯೋದು ಹೇಗೆ ಅಂತ ಅವರೇ ಹೇಳ್ಕೊಡ್ತಾರೆ.

ಇನ್ನು ಗುಂಡನ ವಿಷಯ. ನಿಮ್ಮ ಮನೆ ಹಿಂದಿನ ಮರಗಿಡದಲ್ಲಿ ಅವನಿಗೆ ನಿಜವಾದ ಶತ್ರು ಒಂದಿದೆ, ಪ್ಯಾರಾಲಿಸಿಸ್ ಟಿಕ್ ಅಂತ, ಆಸ್ಟ್ರೇಲಿಯಾದ ಪೂರ್ವ ಕರಾವಳಿ ಉದ್ದಕ್ಕೂ ಸಿಗೋ ಉಣ್ಣಿ. ನಮ್ಮೂರಿನ ಉಣ್ಣಿ ತರ ಬರೀ ರಕ್ತ ಕುಡಿದು ಜ್ವರ ಹಚ್ಚೋದಲ್ಲ ಅದು, ಕಚ್ಕೊಂಡ ಮೂರ್ನಾಲ್ಕು ದಿನದಲ್ಲಿ ಹಿಂಗಾಲು ತೂರಾಡೋಕೆ ಶುರುವಾಗತ್ತೆ, ಬೊಗಳೋ ದನಿ ಬದಲಾಗತ್ತೆ, ವಾಂತಿ ಆಗಬಹುದು, ಆಮೇಲೆ ಉಸಿರಾಟಕ್ಕೇ ತೊಂದರೆ. ಎಷ್ಟೋ ಜನ ಇದನ್ನ ನೋಡಿ "ಜೇಡ ಕಚ್ಚಿದೆ" ಅಂದ್ಕೊಳ್ತಾರೆ. ದಿನಾ ಸಂಜೆ ಐದು ನಿಮಿಷ ಅವನನ್ನ ಹತ್ರ ಕೂರಿಸ್ಕೊಂಡು ಬೆರಳ ತುದಿಯಲ್ಲಿ ಮೈಯೆಲ್ಲ ತಡವಿ, ಕಿವಿ ಒಳಗೆ, ತುಟಿ ಮಡಿಕೆ, ಕತ್ತಿನ ಪಟ್ಟಿ ಕೆಳಗೆ, ಕಾಲ್ಬೆರಳ ಸಂದಿ, ಬಾಲದ ಬುಡ. ಕಡಲೆಕಾಳಿನಷ್ಟು ಗಂಟು ಸಿಕ್ಕಿದ್ರೆ ರೋಮ ಬಿಡಿಸಿ ನೋಡಿ. ತೂರಾಡ್ತಿದ್ರೆ ಅನ್ನ ನೀರು ಏನೂ ಕೊಡ್ಬೇಡಿ, ಗಂಟಲು ಸರಿಯಾಗಿ ನುಂಗದೆ ಶ್ವಾಸಕೋಶಕ್ಕೆ ಹೋಗತ್ತೆ, ಸೀದಾ ಆಸ್ಪತ್ರೆಗೆ ಓಡಿ. ಉಣ್ಣಿ ಬರದ ಹಾಗೆ ಕೊಡೋ ಮಾತ್ರೆ ಇದೆ, ಒಂದು ತಿಂಗಳದ್ದೋ ಮೂರು ತಿಂಗಳದ್ದೋ ನಿಮ್ಮ ವೆಟ್ ಹೇಳ್ತಾರೆ, ಡೋಸ್ ತಪ್ಪಿಸ್ಬೇಡಿ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಿಂದ, ಹೆಸರು ಬೇಡ ಅಂದಿದ್ದಾರೆ: ನಮ್ಮ ಹಿತ್ತಲಲ್ಲಿ ಹೆಬ್ಬೆರಳು ಹೋಗೋಷ್ಟು ದಪ್ಪದ ಬಿಲ ಇದೆ, ಬಾಯಿ ಸುತ್ತ ನೂಲಿನ ತರ. ನಮ್ಮ ಜ್ಯಾಕ್ ರಸೆಲ್ ನಾಯಿ ಅದನ್ನ ಕೆದಕ್ತಾನೇ ಇರತ್ತೆ. ಗೊತ್ತಿರೋರು ಒಬ್ಬರು ಇದು ವಿಸ್ಲಿಂಗ್ ಸ್ಪೈಡರ್, ಟರಾಂಟುಲಾ ಜಾತಿ, ಮನುಷ್ಯರಿಗೆ ಏನೂ ಆಗಲ್ಲ ತಲೆ ಕೆಡಿಸ್ಕೋಬೇಡಿ ಅಂದ್ರು. ಬಿಟ್ಟುಬಿಡಬಹುದಾ?

ದಯವಿಟ್ಟು ಬಿಡ್ಬೇಡಿ, ಈ ಪತ್ರ ಓದಿ ನಂಗೆ ಎದೆ ಧಸಕ್ ಅಂತು. ಆಗ್ಲೇ ಹೇಳಿದೆನಲ್ಲ, ಇಲ್ಲಿ ಲೆಕ್ಕ ಉಲ್ಟಾ. ನಿಮಗೆ ಗೊತ್ತಿರೋರು ಹೇಳಿದ್ದು ಸುಳ್ಳಲ್ಲ, ಮನುಷ್ಯರಿಗೆ ಕಚ್ಚಿದ್ರೆ ನೋವು, ಒಮ್ಮೊಮ್ಮೆ ವಾಕರಿಕೆ, ಅಷ್ಟೇ. ಆದ್ರೆ ನಾಯಿಗೆ ಅದೇ ವಿಷ ಮಾರಕ. 2003ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಟರಾಂಟುಲಾ ಕಚ್ಚಿದ 7 ನಾಯಿಗಳ ವಿವರ ಇದೆ, ಏಳಕ್ಕೆ ಏಳೂ ಸತ್ತವು, ಹೆಚ್ಚಿನವು ಅರ್ಧ ಗಂಟೆಯಿಂದ ಎರಡು ಗಂಟೆ ಒಳಗೆ. ಅದರಲ್ಲಿ ಎರಡು ಸಲ ನಾಯಿಗೆ ಕಚ್ಚಿದ್ಮೇಲೆ ಅದೇ ಜೇಡ ಮಾಲೀಕರಿಗೂ ಕಚ್ಚಿದೆ, ಅವರಿಗೆ ದೊಡ್ಡದೇನೂ ಆಗ್ಲಿಲ್ಲ, ನಾಯಿ ಹೋಯ್ತು. ಇದಕ್ಕೆ ಅಂತ ಆಂಟಿವೆನಮ್ ಇಲ್ಲ. ಹಾಗಾಗಿ ಕಚ್ಚಿಸ್ಕೊಳ್ಳದ ಹಾಗೆ ನೋಡ್ಕೊಳ್ಳೋದೊಂದೇ ದಾರಿ.

ಜ್ಯಾಕ್ ರಸೆಲ್‌ಗೆ ಮಣ್ಣು ಕೆದಕೋದು ಹುಟ್ಟುಗುಣ, ಬೈದ್ರೆ ಹೊಡೆದ್ರೆ ಹೋಗಲ್ಲ. ಮೊದ್ಲು ಇವತ್ತೇ ಆ ಜಾಗಕ್ಕೆ ಬೇಲಿ ಹಾಕಿ, ಕೆಳಗಿನಿಂದ ನುಸುಳದ ಹಾಗೆ ತಂತಿ ಜಾಲರಿ ಮಣ್ಣೊಳಗೆ ಒಂದು ಗೇಣು ಇಳಿಸಿ. ಬಿಲಕ್ಕೆ ನೀರು ಹುಯ್ಯೋದು, ಸೀಮೆಎಣ್ಣೆ ಹುಯ್ಯೋದು ಮಾಡ್ಬೇಡಿ, ಜೇಡ ಹೊರಗೆ ಬಂದು ಇನ್ನೊಂದು ಕಡೆ ಸೇರ್ಕೊಂಡ್ರೆ ನಿಮಗೆ ಅದೂ ಗೊತ್ತಾಗಲ್ಲ. ಜೇಡ ಹಿಡಿದು ಬೇರೆ ಕಡೆ ಬಿಡೋರು ನಿಮ್ಮೂರಲ್ಲಿ ಇದ್ರೆ ಅವರನ್ನ ಕರೆಸಿ. ಅಂಗಳದ ಇನ್ನೊಂದು ಮೂಲೇಲಿ ನಾಯಿಗೆ ಅಂತಾನೇ ಮರಳು ತುಂಬಿದ ಪೆಟ್ಟಿಗೆ ಇಡಿ, ಅದರೊಳಗೆ ಬಿಸ್ಕತ್ತು ಹೂತಿಡಿ, ಅದು ಅಲ್ಲೇ ಕೆದಕ್ಲಿ. ಈ ಜೇಡ ಹೊರಬರೋದು ರಾತ್ರಿ, ಕತ್ತಲಾದ್ಮೇಲೆ ಮೂತ್ರಕ್ಕೆ ಬಿಡುವಾಗ ಹಗ್ಗ ಹಾಕಿ ನೀವೇ ಜೊತೆ ಹೋಗಿ, ಟಾರ್ಚ್ ಇರ್ಲಿ. ಕಚ್ಚೇ ಬಿಡ್ತು ಅಂದ್ರೆ ಕಾದು ನೋಡೋ ಮಾತೇ ಬೇಡ, ನಾಯೀನ ಎತ್ಕೊಂಡು ಕಾರ್ ಹತ್ತಿ, ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ, ಆಕ್ಸಿಜನ್ ರೆಡಿ ಇಟ್ಕೊಳ್ಳೋಕೆ ಅವರಿಗೆ ಐದು ನಿಮಿಷ ಸಿಕ್ಕಿದ್ರೂ ದೊಡ್ಡದು.

ಹುಬ್ಬಳ್ಳಿಯಿಂದ: ಡಾಕ್ಟರ್ ಸಾಹೇಬ್ರಿಗೆ ನಮಸ್ಕಾರ್ರಿ. ನಮ್ದು ಹಳೇ ಮನಿ, ಅಟ್ಟದ ಮ್ಯಾಲೆ, ಮಾಡದಾಗ, ಎಲ್ಲಾ ಕಡೆ ಜೇಡರ ಬಲಿ. ನಮ್ಮ ಬೆಕ್ಕು ಜೇಡ ಹಿಡದು ಹಿಡದು ತಿಂತೈತ್ರಿ. ವಿಷ ಏರತೈತಿ ಅಂತ ಮನಿಯಾಕಿ ಅಂಜ್ಯಾಳ. ಪೆಸ್ಟ್ ಕಂಟ್ರೋಲ್‌ನವ್ರನ್ನ ಕರಸೂಣು ಅಂತ ಮಾಡೇವಿ. ಮನ್ಯಾಗ ಮೀನಿನ ಅಕ್ವೇರಿಯಂನೂ ಐತಿ. ಏನ್ ಮಾಡೂದ್ರಿ?

ಬೆಕ್ಕು ಜೇಡ ತಿಂದಿದ್ದಕ್ಕೆ ಅಂಜಬ್ಯಾಡ್ರಿ ಅಂತ ಮನೆಯವರಿಗೆ ಹೇಳಿ. ಮೂಲೆ ಮೂಲೇಲಿ ಬಲೆ ಕಟ್ಕೊಂಡು ತಲೆಕೆಳಗಾಗಿ ನೇತಾಡೋ ಉದ್ದುದ್ದ ಕಾಲಿನ ಜೇಡ, ಗೋಡೆ ಮೇಲೆ ಪಟಕ್ ಅಂತ ಹಾರೋ ಸಣ್ಣ ಜೇಡ, ರಾತ್ರಿ ಬಚ್ಚಲಲ್ಲಿ ಕಾಣೋ ಅಂಗೈಯಗಲದ ಚಪ್ಪಟೆ ಜೇಡ, ನಮ್ಮ ಕಡೆ ಮನೆಗಳಲ್ಲಿ ಸಿಗೋದು ಹೆಚ್ಚಾಗಿ ಇವೇ, ಇವುಗಳಿಂದ ಬೆಕ್ಕಿಗೆ ಅಪಾಯ ಇಲ್ಲ. ಜೇಡದ ವಿಷ ಬಹುತೇಕ ಪ್ರೋಟೀನು, ಹೊಟ್ಟೆಗೆ ಹೋದ್ರೆ ಮಾಂಸದ ಹಾಗೆ ಜೀರ್ಣ ಆಗತ್ತೆ. ಮೈಮೇಲೆ ಗುಳ್ಳೆ ಎದ್ರೆ ಜೇಡ ಉಚ್ಚೆ ಹೊಯ್ದಿದೆ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಅದೂ ಜೇಡದ ಕೆಲಸ ಅಲ್ಲ, ದೀಪಕ್ಕೆ ಬರೋ ಒಂದು ಸಣ್ಣ ಕೆಂಪು ಕಪ್ಪು ಹುಳ ಮೈಮೇಲೆ ಕೂತಾಗ ಉಜ್ಜಿದ್ರೆ ಹಾಗಾಗತ್ತೆ, ಇಲ್ಲಾ ಅಂದ್ರೆ ಸರ್ಪಸುತ್ತು.

ನನಗೆ ಭಯ ಇರೋದು ನಿಮ್ಮ ಪೆಸ್ಟ್ ಕಂಟ್ರೋಲ್ ಬಗ್ಗೆ. ಮನೆಗೆ ಹೊಡೆಯೋ ಎಷ್ಟೋ ಔಷಧಿಗಳಲ್ಲಿ ಪರ್ಮೆಥ್ರಿನ್, ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಅನ್ನೋ ಗುಂಪಿನ ವಿಷ ಇರತ್ತೆ. ನಾಯಿಯ ಲಿವರ್ ಅದನ್ನ ಒಡೆದು ಹೊರಗೆ ಹಾಕತ್ತೆ, ಬೆಕ್ಕಿನ ಲಿವರ್‌ಗೆ ಆ ಶಕ್ತಿ ತೀರಾ ಕಮ್ಮಿ. ಒದ್ದೆ ನೆಲದ ಮೇಲೆ ನಡೆದು ಆಮೇಲೆ ಕೂತ್ಕೊಂಡು ಪಾದ ನೆಕ್ಕಿ ನೆಕ್ಕಿ ಕ್ಲೀನ್ ಮಾಡ್ಕೊಳ್ಳೋ ಪ್ರಾಣಿ ಅದು, ನೆಕ್ಕಿದ್ದೆಲ್ಲ ಹೊಟ್ಟೆಗೇ ಹೋಗೋದು. ಕಿವಿ ಪಟಪಟ ಅದುರತ್ತೆ, ಮೈ ನಡುಗತ್ತೆ, ಆಮೇಲೆ ಫಿಟ್ಸ್. ನಾಯಿಗೆ ಕತ್ತಿನ ಹಿಂದೆ ಹಚ್ಚೋ ಉಣ್ಣಿ ಔಷಧಿ ಬೆಕ್ಕಿಗೂ ಹಚ್ಚಿ ಹೀಗೆ ತಂದ ಕೇಸ್ ನಾನು ಜೇಡ ಕಚ್ಚಿದ ಕೇಸಿಗಿಂತ ಎಷ್ಟೋ ಪಾಲು ಹೆಚ್ಚು ನೋಡಿದ್ದೀನಿ. ನೆಲದ ಮೇಲೆ ಗೀಟು ಎಳೆಯೋ ಚಾಕ್‌ಪೀಸ್ ತರದ ಇರುವೆ ಔಷಧೀಲೂ ಇದೇ ಗುಂಪಿನ ವಿಷ ಇರತ್ತೆ. ಮೀನಿಗಂತೂ ಇನ್ನೂ ಕೆಟ್ಟದು, ಗಾಳಿ ಪಂಪ್ ಮೂಲಕಾನೇ ನೀರಿಗೆ ಇಳಿದು ತೊಟ್ಟಿ ತೊಟ್ಟಿಯೇ ಖಾಲಿ ಆಗಬಹುದು.

"ಹಾಗಾದ್ರೆ ನ್ಯಾಚುರಲ್ ಮಾಡೋಣ" ಅಂತ ಪುದೀನ ಎಣ್ಣೆ, ಟೀ ಟ್ರೀ ಎಣ್ಣೆ ಸಿಂಪಡಿಸೋರು ಇದ್ದಾರೆ, ಬೆಕ್ಕಿಗೆ ಅದೂ ಆಗಲ್ಲ. ಮೂಲೆಗೆ ನುಸಿಗುಳಿಗೆ ಹಾಕೋದೂ ಬೇಡ, ಬೆಕ್ಕೂ ನಾಯೀನೂ ಅದನ್ನ ಉರುಳಿಸಿ ಆಡಿ ಬಾಯಿಗೆ ಹಾಕ್ಕೊಳ್ತವೆ. ನಿಮ್ಮ ಹಳೇ ಮನೆಗೆ ಬೇಕಾಗಿರೋದು ಉದ್ದ ಕೋಲಿಗೆ ಕಟ್ಟಿದ ಕಸಬರಿಗೆ, ವಾರಕ್ಕೊಂದು ಸಲ. ಹೊರಗಿನ ಬಿಳಿ ಬಲ್ಬ್ ತೆಗೆದು ಹಳದಿ ಹಾಕಿ, ಹುಳ ಬರೋದು ಕಮ್ಮಿ ಆದ್ರೆ ಅವನ್ನ ತಿನ್ನೋ ಜೇಡಾನೂ ಕಮ್ಮಿ. ಅಟ್ಟದ ಮೇಲಿನ ರಟ್ಟಿನ ಡಬ್ಬ, ಹಳೇ ಪೇಪರ್ ಕಟ್ಟು ಖಾಲಿ ಮಾಡಿ. ಗೆದ್ದಲಿಗೋ ತಿಗಣೆಗೋ ಹೊಡೆಸ್ಲೇಬೇಕು ಅಂತಾದ್ರೆ ಬೆಕ್ಕನ್ನ ಎರಡು ದಿನ ಬೀಗರ ಮನೆಗೆ ಕಳ್ಸಿ, ಪಂಪ್ ಆಫ್ ಮಾಡಿ ಅಕ್ವೇರಿಯಂಗೆ ಪ್ಲಾಸ್ಟಿಕ್ ಸುತ್ತಿ, ಆದಷ್ಟು ಬೇಗ ಗಾಳಿ ಆಡ್ಸಿ ತೆಗೀರಿ. ನೆಲ ಪೂರ್ತಿ ಒಣಗಿ, ಒರೆಸಿ ಆದ್ಮೇಲೇನೇ ಬೆಕ್ಕನ್ನ ವಾಪಸ್ ತರೋದು.

ಅಮೆರಿಕದ ಫೀನಿಕ್ಸ್‌ನಿಂದ: ಗರಾಜ್‌ನಲ್ಲಿ, ಹೊರಗಿನ ಕುರ್ಚಿ ಕೆಳಗೆ ಬ್ಲ್ಯಾಕ್ ವಿಡೋ ಜೇಡ ಸಿಗ್ತಾನೇ ಇರತ್ತೆ. ಒಂದು ಬೆಕ್ಕಿದೆ, ಹೆಸರು ಚಿನ್ನು, ಗರಾಜ್‌ನಲ್ಲೇ ಜಾಸ್ತಿ ಹೊತ್ತು ಇರತ್ತೆ. ನಾಯಿಗಿಂತ ಬೆಕ್ಕಿಗೆ ಹೆಚ್ಚು ಅಪಾಯ ಅಂತ ಕೇಳಿದ್ದು ನಿಜಾನಾ? ಕಚ್ಚಿದ್ರೆ ಆಸ್ಪತ್ರೆ ತಲುಪೋವರೆಗೆ ನೋವಿಗೆ ಮಕ್ಕಳ ಟೈಲೆನಾಲ್ ಸ್ವಲ್ಪ ಕೊಡಬಹುದಾ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ, ಕೊಡ್ಲೇಬೇಡಿ. ಟೈಲೆನಾಲ್ ಅಂದ್ರೆ ನಮ್ಮೂರಿನ ಪ್ಯಾರಾಸಿಟಮಾಲೇ. ಹಲವು ವರ್ಷದ ಹಿಂದೆ ಒಂದು ರಾತ್ರಿ ಹತ್ತರ ಸುಮಾರಿಗೆ ಗಂಡ ಹೆಂಡ್ತಿ ಇಬ್ಬರೂ ಒಂದು ಬೂದು ಬಣ್ಣದ ಬೆಕ್ಕನ್ನ ಟವೆಲ್‌ನಲ್ಲಿ ಸುತ್ಕೊಂಡು ನನ್ನ ಹತ್ರ ಬಂದ್ರು. "ಜೇಡ ಕಚ್ಚಿದೆ ಡಾಕ್ಟ್ರೇ, ನೋಡಿ ಮುಖ ಹೇಗೆ ಊದಿದೆ." ಮುಖ ಊದಿತ್ತು ನಿಜ, ಮುಂಗಾಲಿನ ಪಾದಾನೂ ಊದಿತ್ತು. ತುಟಿ ಎತ್ತಿ ಒಸಡು ನೋಡ್ದೆ, ಗುಲಾಬಿ ಬಣ್ಣ ಇರಬೇಕಾದ ಜಾಗದಲ್ಲಿ ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದು. ಕೇಳ್ದೆ, ಏನಾದ್ರೂ ಮಾತ್ರೆ ಕೊಟ್ರಾ ಅಂತ. ಬೆಳಗ್ಗೆ ಬೆಕ್ಕು ಜೇಡದ ಜೊತೆ ಆಡ್ತಿತ್ತಂತೆ, ಆಮೇಲೆ ಸ್ವಲ್ಪ ಮಂಕಾಗಿ ಕೂತಿದ್ದನ್ನ ನೋಡಿ ಪಾಪ ನೋವಿರಬೇಕು ಅಂತ ಅರ್ಧ ಪ್ಯಾರಾಸಿಟಮಾಲ್ ಹಾಲಲ್ಲಿ ಕರಗಿಸಿ ಕುಡಿಸಿದ್ರು. ಆ ಕಂದು ಬಣ್ಣ, ಊದಿದ ಮುಖ, ಪಾದ, ಎಲ್ಲ ಮಾತ್ರೆಯದ್ದು. ರಕ್ತ ಆಕ್ಸಿಜನ್ ಹೊರೋದನ್ನೇ ನಿಲ್ಲಿಸಿತ್ತು. ಇದಕ್ಕೆ ಪ್ರತಿವಿಷ ಇದೆ, ಕೊಟ್ಟೆ, ಆದ್ರೆ ತುಂಬಾ ತಡ ಆಗಿತ್ತು, ಬೆಳಗಾಗೋದರೊಳಗೆ ಬೆಕ್ಕು ಹೋಯ್ತು. ಪ್ರೀತಿಯಿಂದ ಕುಡಿಸಿದ ಹಾಲು ಅದು. ಆ ಹೆಣ್ಣುಮಗಳ ಮುಖ ನನಗೆ ಇವತ್ತಿಗೂ ಮರೆತಿಲ್ಲ, ಅದಕ್ಕೇ ಸಿಕ್ಕಿದೋರಿಗೆಲ್ಲ ಹೇಳ್ತಾನೇ ಇರ್ತೀನಿ. ನಾಯಿಗೆ ಐಬುಪ್ರೊಫೆನ್ ಕೊಡೋದೂ ಹೀಗೇ, ಹೊಟ್ಟೆ ಹುಣ್ಣಾಗಿ ಕಿಡ್ನಿ ಹೋಗತ್ತೆ.

ಮೊದಲನೇ ಪ್ರಶ್ನೆ. ಹೌದು, ನೀವು ಕೇಳಿದ್ದು ನಿಜ. ಬ್ಲ್ಯಾಕ್ ವಿಡೋ ವಿಷ ನರದ ತುದಿಗಳಲ್ಲಿ ಕೂಡಿಟ್ಟಿರೋ ಸಂದೇಶದ ರಾಸಾಯನಿಕ ಎಲ್ಲಾನೂ ಒಂದೇ ಸಲ ಸುರಿಸಿಬಿಡತ್ತೆ, ಮೊದಲು ಸ್ನಾಯು ಎಲ್ಲ ಸೆಟೆದು ವಿಪರೀತ ನೋವು, ಆಮೇಲೆ ಖಾಲಿಯಾಗಿ ಶಕ್ತಿಯೇ ಇಲ್ಲದ ಹಾಗಾಗತ್ತೆ. ನಾಯಿ ಒಂದಷ್ಟು ತಡ್ಕೊಳ್ಳತ್ತೆ, ಹೊಟ್ಟೆ ಹಲಗೆ ತರ ಗಟ್ಟಿ ಆಗತ್ತೆ, ನಡುಗತ್ತೆ. ಬೆಕ್ಕು ಮಾತ್ರ ಬಹಳ ಸೂಕ್ಷ್ಮ, ಜೊಲ್ಲು ಸುರಿಸತ್ತೆ, ಕೂಗೋ ದನಿಯೇ ಬೇರೆ ಆಗತ್ತೆ, ಬೇಗ ಕಾಲು ಬಿದ್ದುಹೋಗತ್ತೆ. ಕಚ್ಚಿದ ಗುರುತು ಕಾಣ್ಲೇಬೇಕು ಅಂತಿಲ್ಲ, ಊತಾನೂ ಹೆಚ್ಚಿರಲ್ಲ. ಆಂಟಿವೆನಮ್ ಇದೆ, ಆದ್ರೆ ಎಲ್ಲಾ ಪ್ರಾಣಿ ಆಸ್ಪತ್ರೇಲೂ ಇಟ್ಟಿರಲ್ಲ. ನಿಮ್ಮ ಸುತ್ತ ರಾತ್ರಿ ತೆಗೆದಿರೋ ಎಮರ್ಜೆನ್ಸಿ ಆಸ್ಪತ್ರೆ ಯಾವುದು, ಅವರ ಹತ್ರ ಇದೆಯಾ ಅಂತ ಇವತ್ತೇ ಫೋನ್ ಮಾಡಿ ಕೇಳಿ ಫ್ರಿಜ್ ಮೇಲೆ ಬರೆದಂಟಿಸಿ. ಅಲ್ಲಿನ ಪ್ರಾಣಿ ರಕ್ಷಣಾ ಸಂಸ್ಥೆ ಎಎಸ್‌ಪಿಸಿಎಯ ಪ್ರಾಣಿ ವಿಷ ಸಹಾಯವಾಣಿ 888-426-4435, ಇಡೀ ದಿನ ಇರತ್ತೆ, ಫೀಸ್ ತಗೋತಾರೆ.

ಹುಡುಕೋದು ಹೇಗೆ ಅಂದ್ರೆ ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡ್ಕೊಂಡು ಹೋಗಿ. ಹಗಲು ಅದು ಸಂದೀಲಿ ಅಡಗಿರತ್ತೆ, ರಾತ್ರಿ ಬಲೆ ಮಧ್ಯೆ ತಲೆಕೆಳಗಾಗಿ ನೇತಾಡ್ತಿರತ್ತೆ, ಹೊಟ್ಟೆ ಮೇಲಿನ ಕೆಂಪು ಗುರುತು ಎದುರಿಗೇ ಕಾಣತ್ತೆ, ಡಮರುಗದ ಆಕಾರ, ಒಂದು ಸಲ ನೋಡಿದ್ರೆ ಮರೆಯಲ್ಲ. ಬಲೆ ಅಂದಚಂದ ಇಲ್ಲದೆ ಸಿಕ್ಕುಸಿಕ್ಕಾಗಿರತ್ತೆ, ನೆಲದ ಹತ್ರಾನೇ ಇರತ್ತೆ, ಕೋಲಲ್ಲಿ ಎಳೆದ್ರೆ ಚರ್ ಅಂತ ಹರಿಯೋ ಸದ್ದು ಬರತ್ತೆ, ಅಷ್ಟು ಗಟ್ಟಿ ನೂಲು. ದಪ್ಪ ಗ್ಲೌಸ್ ಹಾಕ್ಕೊಂಡು ಉದ್ದ ಕೋಲಿಗೆ ಸುತ್ತಿ ತೆಗೀರಿ, ಬಟಾಣಿ ಗಾತ್ರದ ಮೊಟ್ಟೆ ಚೀಲ ಇದ್ರೆ ಅದನ್ನೂ ಬಿಡ್ಬೇಡಿ. ನೀರಿನ ಮೀಟರ್ ಡಬ್ಬ, ಕಾಂಪೌಂಡ್ ಇಟ್ಟಿಗೆ ತೂತು, ಬಿದ್ದಿರೋ ಪಾಟ್ ಇವೆಲ್ಲ ನೋಡಿ. ಚಿನ್ನುಗೆ ಗರಾಜ್ ಬೇಡ, ಮನೆ ಒಳಗಿನ ಒಂದು ಕಿಟಕಿ ಬಿಟ್ಟುಕೊಡಿ, ಬೆಕ್ಕಿಗೆ ಹೊರಗೆ ನೋಡ್ತಾ ಕೂರೋಕೆ ಒಂದು ಕಿಟಕಿ ಸಿಕ್ಕಿದ್ರೆ ಸಾಕು. ಅರಿಜೋನಾದಲ್ಲಿ ಕೂದಲು ಕೂದಲಾಗಿರೋ ದೊಡ್ಡ ಟರಾಂಟುಲಾನೂ ಕಾಣತ್ತೆ, ಅದು ಹಿಂಗಾಲಲ್ಲಿ ಹೊಟ್ಟೆ ಕೆರೆದು ಚುಚ್ಚೋ ಕೂದಲು ಎರಚತ್ತೆ, ಮೂಸೋಕೆ ಹೋದ ಪ್ರಾಣಿಯ ಕಣ್ಣು ಮೂಗಿಗೆ ಹೋದ್ರೆ ಉರಿ, ನೀರಲ್ಲಿ ತೊಳೆದು ವೆಟ್‌ಗೆ ತೋರ್ಸಿ.

ಅಮೆರಿಕದ ಕಾನ್ಸಸ್‌ನಿಂದ: ಬೇಸ್‌ಮೆಂಟ್‌ನಲ್ಲಿ ಬ್ರೌನ್ ರೆಕ್ಲೂಸ್ ಜೇಡ ಕಂಡ್ವು, ಬೆನ್ನ ಮೇಲೆ ಪಿಟೀಲಿನ ಗುರುತು. ನಾಯಿ ಇದೆ. ಮನೇನೇ ಬಿಡೋದು ವಾಸೀನಾ?

ಮನೆ ಬಿಡ್ಬೇಡಿ. ನಿಮ್ಮ ರಾಜ್ಯದಲ್ಲೇ ಒಂದು ಮನೇಲಿ 2001ರಲ್ಲಿ ಆರು ತಿಂಗಳಲ್ಲಿ 2,055 ಬ್ರೌನ್ ರೆಕ್ಲೂಸ್ ಸಿಕ್ಕಿದ್ವು, ನಾಲ್ಕು ಜನ ವರ್ಷಗಟ್ಟಲೆ ವಾಸ ಇದ್ದ ಮನೆ, ಒಬ್ಬರಿಗೂ ಕಚ್ಚಿದ ದಾಖಲೆ ಇಲ್ಲ. ರೆಕ್ಲೂಸ್ ಅಂದ್ರೆ ಒಂಟಿಯಾಗಿ ಅಡಗಿರೋದು ಅಂತ, ಹೆಸರಿಗೆ ತಕ್ಕ ಹಾಗೆ ನಾಚಿಕೆ ಸ್ವಭಾವದ ಜೇಡ, ಒತ್ತಿದ್ರೆ ಮಾತ್ರ ಕಚ್ಚತ್ತೆ. ಹಾಗಾಗಿ ನಾಯಿ ಹಾಸಿಗೆ ಗೋಡೆಯಿಂದ ದೂರ ಇಡಿ, ಮಲಗೋ ಮುಂಚೆ ಕೊಡವಿ, ರಟ್ಟಿನ ಡಬ್ಬ ತೆಗೆದು ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬ ಮಾಡ್ಕೊಳ್ಳಿ, ಅಂಟು ಬಲೆಗಳನ್ನ ಬೀರು ಹಿಂದೆ ನಾಯಿ ಮೂತಿ ಹೋಗದ ಕಡೆ ಇಡಿ. ಅಂಟು ರೋಮಕ್ಕೆ ಹತ್ಕೊಂಡ್ರೆ ಅಡುಗೆ ಎಣ್ಣೆ ಹಚ್ಚಿ ಮೆಲ್ಲಗೆ ಬಿಡಿಸಿ. ನಾಯಿ ಮೈಮೇಲೆ ನಡುವೆ ಕಪ್ಪಾಗಿ ಸುತ್ತ ಕೆಂಪಾಗಿ ದಿನದಿನಕ್ಕೆ ಅಗಲ ಆಗೋ ಗಾಯ ಕಂಡ್ರೆ ಮುಲಾಮು ಹಚ್ತಾ ಕೂರದೆ ಹೋಗಿ ತೋರ್ಸಿ, ಅಂಥ ಗಾಯ ಮಾಯೋಕೆ ವಾರಗಟ್ಟಲೆ ಬೇಕು.

ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ: ಬೆಳಗ್ಗೆ ನೋಡಿದ್ರೆ ನಮ್ಮ ನಾಯಿ ಮೂತಿ ಕುಂಬಳಕಾಯಿ ತರ ಊದಿತ್ತು, ಮೂಗಿನ ಹತ್ರ ಸ್ವಲ್ಪ ರಕ್ತ ಒಸರ್ತಿತ್ತು. ತೋಟದ ಮರದ ಪೊಟರೇಲಿ ದೊಡ್ಡ ಜೇಡ ಇರೋದನ್ನ ಹಿಂದೆ ನೋಡಿದ್ವಿ, ಅದೇ ಕಚ್ಚಿರ್ಬೇಕು ಅಂತ ಅಪ್ಪಯ್ಯ ಅರಿಶಿನ ಹಚ್ಚಿ ಮದ್ದು ಕುಡಿಸಿದ್ರು. ಮೂರು ದಿನಕ್ಕೆ ಸರಿ ಹೋಯ್ತು. ಮುಂದೆ ಹೀಗಾದ್ರೆ ಅದೇ ಮದ್ದು ಸಾಕಲ್ವಾ?

ಸಾಕಾಗಲ್ಲ. ನಿಮ್ಮ ನಾಯಿ ಬದುಕಿದ್ದು ಸಂತೋಷ, ಆದ್ರೆ ನೀವು ಬರೆದಿರೋದು ಓದಿದ್ರೆ ನಂಗೆ ಜೇಡಕ್ಕಿಂತ ಹಾವಿನ ಮೇಲೇ ಅನುಮಾನ. ನಿಮ್ಮ ಕಡೆ ಪೊಟರೆಗಳಲ್ಲಿ ದೊಡ್ಡ ಟರಾಂಟುಲಾ ಜಾತಿ ಇರೋದು ನಿಜ, ಕಚ್ಚಿದ್ರೆ ಮನುಷ್ಯರಿಗೂ ಸ್ನಾಯು ಹಿಡ್ಕೊಂಡು ಒದ್ದಾಡೋ ಹಾಗಾಗತ್ತೆ. ಆದ್ರೆ ರಾತ್ರಿ ಬೆಳಗಾಗೋದರೊಳಗೆ ಮೂತಿ ಅಷ್ಟು ಊದಿ, ಕಚ್ಚಿದ ಕಡೆ ರಕ್ತ ನಿಲ್ಲದೆ ಒಸರೋದು ಮಂಡಲ ಜಾತಿ ಹಾವಿನ ಲಕ್ಷಣ. ಕೊಳಕುಮಂಡಲ ಆಗಿದ್ರೆ ಒಂದೊಂದು ಗಂಟೇನೂ ಲೆಕ್ಕಕ್ಕೆ ಬರತ್ತೆ. ಕಾಫಿ ಅಡಿಕೆ ತೋಟದಲ್ಲಿ ಸಿಗೋ ಗುಳಿಮಂಡಲಗಳೂ ಮೂತಿಗೇ ಕಚ್ಚೋದು ಜಾಸ್ತಿ, ಯಾಕಂದ್ರೆ ನಾಯಿ ಮೊದಲು ಚಾಚೋದು ಮೂಗು. ಗುಳಿಮಂಡಲದ ವಿಷಕ್ಕೆ ನಮ್ಮಲ್ಲಿ ಸಿಗೋ ಆಂಟಿವೆನಮ್ ಸಾಮಾನ್ಯವಾಗಿ ಕೆಲಸ ಮಾಡಲ್ಲ, ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಹಾಗಾಗಿ ಯಾವ ಹಾವು ಅನ್ನೋದೂ ಮುಖ್ಯ.

ಡಾಕ್ಟ್ರು ಒಂದು ಸುಲಭದ ಪರೀಕ್ಷೆ ಮಾಡ್ತಾರೆ, ಒಂದೆರಡು ಮಿಲಿ ರಕ್ತ ತೆಗೆದು ಒಣಗಿದ ಗಾಜಿನ ಟ್ಯೂಬಲ್ಲಿ 20 ನಿಮಿಷ ಅಲ್ಲಾಡಿಸದೆ ಇಡ್ತಾರೆ. ಆಮೇಲೆ ಬಗ್ಗಿಸಿದಾಗ ರಕ್ತ ಹೆಪ್ಪುಗಟ್ಟದೆ ನೀರಿನ ತರಾನೇ ಹರಿದ್ರೆ ಮಂಡಲದ ವಿಷ ಅಂತ ಲೆಕ್ಕ. ಜೇಡ ಅಂದ್ಕೊಂಡು ಮನೇಲೇ ಕೂತ್ರೆ ಈ ಪರೀಕ್ಷೆ ಮಾಡೋ ಅವಕಾಶವೇ ಹೋಗತ್ತೆ. ಮುಂದೆ ಯಾವಾಗ್ಲಾದ್ರೂ ಮೂತಿ ಊದಿದ್ರೆ ಮೊದಲು ಮಾಡಬೇಕಾದ್ದು ಕತ್ತಿನ ಪಟ್ಟಿ ಬಿಚ್ಚೋದು, ಊತ ಹರಡ್ತಾ ಹರಡ್ತಾ ಕತ್ತಿಗೆ ಬಂದ್ರೆ ಅದೇ ಉರುಳಾಗತ್ತೆ. ಓಡಾಡಿಸ್ಬೇಡಿ, ಎತ್ಕೊಂಡೇ ಹೋಗಿ. ಗಾಯ ಕುಯ್ಯೋದು, ಬಿಗಿಯಾಗಿ ಕಟ್ಟೋದು, ಬಾಯಿಗೆ ಸೊಪ್ಪಿನ ರಸ ಹುಯ್ಯೋದು ಯಾವುದೂ ಬೇಡ. ಅಪ್ಪಯ್ಯಂಗೆ ಬೇಜಾರಾಗೋದು ಬೇಡ, ಅವರ ಕಾಲದಲ್ಲಿ ಹತ್ತಿರದಲ್ಲಿ ಡಾಕ್ಟ್ರೇ ಇರ್ಲಿಲ್ಲ, ಇದ್ದಿದ್ದರಲ್ಲಿ ಮಾಡಿದ್ರು. ಈಗ 1962ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಪಶು ಚಿಕಿತ್ಸಾ ವಾಹನಕ್ಕೆ ಹೇಳಬಹುದು, ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜೂ ಇದೆ.

ಬೆಂಗಳೂರಿಂದ 9 ವರ್ಷದ ಹುಡುಗಿ, ಅಮ್ಮನ ಕೈಯಲ್ಲಿ ಬರೆಸಿದ್ದು: ಡಾಕ್ಟರ್ ಅಂಕಲ್, ನಮ್ಮ ಬಾತ್‌ರೂಮಲ್ಲಿ ದೊಡ್ಡ ಜೇಡ ಇದೆ. ಅದರ ಹೊಟ್ಟೆ ಕೆಳಗೆ ಬಿಳಿ ಬಿಲ್ಲೆ ಇದೆ. ಅಪ್ಪ ಚಪ್ಪಲಿ ತಗೊಂಡ್ರು, ನಾನು ಬೇಡ ಅಂದೆ. ನಮ್ಮ ಪುಟ್ಟಿ ಬೆಕ್ಕಿಗೆ ಅದು ಏನಾದ್ರೂ ಮಾಡತ್ತಾ?

ಏನೂ ಮಾಡಲ್ಲ ಮರಿ, ಒಳ್ಳೇ ಕೆಲಸ ಮಾಡಿದೆ. ಅದು ಜಿರಳೆ ತಿನ್ನೋ ಜೇಡ. ಆ ಬಿಳಿ ಬಿಲ್ಲೆ ಅದರ ಮೊಟ್ಟೆ ಚೀಲ, ಮರಿ ಆಗೋವರೆಗೂ ಅಮ್ಮ ಜೇಡ ಅದನ್ನ ಕೆಳಗೆ ಇಳಿಸದೆ ಹೊಟ್ಟೆಗೆ ಅಪ್ಕೊಂಡೇ ಓಡಾಡತ್ತೆ. ಬಾತ್‌ರೂಮಲ್ಲಿ ಭಯ ಆಗತ್ತೆ ಅಂದ್ರೆ ಅಪ್ಪಂಗೆ ಹೇಳು, ಮೊದಲು ಪುಟ್ಟೀನ ಬೇರೆ ರೂಮಲ್ಲಿ ಬಿಟ್ಟು ಬಾಗಿಲು ಹಾಕಿ, ಆಮೇಲೆ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ ಮೆಲ್ಲಗೆ ಜೇಡದ ಮೇಲೆ ಕವುಚಿ, ಕಾಲು ಸಿಕ್ಕಿಹಾಕ್ಕೊಳ್ಳದ ಹಾಗೆ ನೋಡ್ಕೊಂಡು ಗೋಡೆಗೂ ಡಬ್ಬಕ್ಕೂ ಮಧ್ಯೆ ಒಂದು ಹಳೇ ಮದುವೆ ಪತ್ರಿಕೆ ಜಾರಿಸಿ. ಕೆಳಗೆ ಕಾಂಪೌಂಡ್ ಹತ್ರ ಮರ ಇದ್ರೆ ಅದರ ಬುಡದಲ್ಲಿ ಡಬ್ಬ ಓರೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ನಿಂತ್ಕೊಳ್ಳಿ, ಅದೇ ಹೊರಗೆ ಬಂದು ಹೋಗತ್ತೆ.